ಏಳೆಂಟ್ಲಿ

ನಮ್ಮೂರಿನ ಗಾಳಿಗೇ ಅಂಟಿನ ವಾಸನೆ.
ಟೆನ್ನಾ ಹೊಳೆಯ ಎರಡೂ ದಡದಲ್ಲಿ
ಯಾರ ಮನೆ ಕದ ತಟ್ಟಿದರೂ
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಬಂದು ತೆರೆಯುತ್ತಿದ್ದರು.
ಅಪ್ಪ ಮಾತ್ರ ಮೊಳೆ ಬಿಟ್ಟು ಪೆನ್ನು ಹಿಡಿದ
ಯುದ್ಧಕ್ಕೆ ಇಟಲಿ ಇಳಿದ ವರ್ಷ:
ಸೈನ್ಯಕ್ಕೆ ನಲವತ್ತು ಸಾವಿರ ಜೊತೆ ಬೂಟು.

ತೊಗಲೆಲ್ಲಿತ್ತು?
ಕಣಿವೆಯ ದನವನ್ನೆಲ್ಲ ಕಡಿದರೂ
ನಾಲ್ಕು ಸಾವಿರ ದಾಟುತ್ತಿರಲಿಲ್ಲ.

ಅದೇ ಚಳಿಗಾಲ ಶಾಲೆಯಲ್ಲಿ
ಹಳೆ ಕಾಗದ ತನ್ನಿ ಎಂದರು, ದೇಶಕ್ಕೆ.
ನನ್ನ ಎರಡನೇ ಕ್ಲಾಸಿನ ಲೆಕ್ಕದ ಪುಸ್ತಕ ಕೊಟ್ಟೆ.
ಎದೆಗೊಂದು ತವರದ ನಕ್ಷತ್ರ ಚುಚ್ಚಿದರು.

ಅಣ್ಣ ನೇವಿಯೊ ಹೊರಡುವ ಮುಂಚೆ
ಮೂರು ರಾತ್ರಿ ಕೂತು ಅಪ್ಪ ತಾನೇ ಹೊಲಿದ,
ಎರಡು ಪದರ ಎತ್ತಿನ ತೊಗಲು, ಮೇಣ ಉಜ್ಜಿದ ದಾರ,
ಹಿಮ್ಮಡಿಯ ಒಳಗೆ ಯಾರಿಗೂ ಕಾಣದ ಒಂದು ಅಡ್ಡ ಹೊಲಿಗೆ.
'ಇದನ್ನ ಯಾರಿಗೂ ಕೊಡಬೇಡ.'
ಅವ್ವ ನಕ್ಕಳು: 'ಯಾಕೆ, ಸೈನ್ಯದವರು ಬೂಟು ಕೊಡಲ್ವಾ?'
ಅಪ್ಪ ದಾರವನ್ನು ಹಲ್ಲಲ್ಲಿ ಕಡಿದ.
ಉತ್ತರ ಅಲ್ಲೇ ಇತ್ತು, ಆ ಹಲ್ಲುಗಳ ನಡುವೆ.
ನನಗಾಗ ಒಂಬತ್ತು. ದಾರ ತುಂಡಾದದ್ದಷ್ಟೇ ಕಂಡೆ.

ಆಮೇಲೆ ಹಿಮ. ಆಮೇಲೆ ಕಾಗದ ಬರುವುದು ನಿಂತಿತು.

ನಲವತ್ತಾರರಲ್ಲಿ, ಈಸ್ಟರ್ ಕಳೆದ ಸೋಮವಾರ,
ಡೆಲ್ಮೊ ಬಂದ, ಆಚೆ ದಡದ ಗಿರಣಿಯವನ ಮಗ.
ಒಂದು ಕೈಲಿ ಕೋಲು, ಇನ್ನೊಂದರಲ್ಲಿ ಚೀಲ.
ಅವ್ವ ಕಡಲೆಯ ಸೂಪು ಬಡಿಸಿದಳು. ಮುಟ್ಟಲಿಲ್ಲ.
ಚೀಲದಿಂದ ಅಟ್ಟೆಯೊಂದನ್ನು ತೆಗೆದು
ಬಟ್ಟಲಿಗೆ ಮೆಲ್ಲಗೆ ಇಳಿಬಿಟ್ಟ.

ಎಲ್ಲರೂ ನೋಡುತ್ತ ಕೂತೆವು.
ಹಾಲಿಗೆ ಬಿದ್ದ ಬ್ರೆಡ್ಡಿನಂತೆ ಊದಿತು.
ಬಿಚ್ಚಿತು, ಹಾಳೆ ಹಾಳೆಯಾಗಿ.
ನಡುವಿನ ಒಂದರಲ್ಲಿ ಚೌಕುಳಿ ಗೆರೆ, ನೀಲಿ ಶಾಯಿ, ದುಂಡಕ್ಷರ:
ಏಳೆಂಟ್ಲಿ ಐವತ್ತನಾಲ್ಕು.
ಸುತ್ತ ಟೀಚರಮ್ಮನ ಕೆಂಪು ಸೊನ್ನೆ.

ನನ್ನದೇ ಎಂದು ಆಣೆಯಿಡಲಾರೆ.
ಮಕ್ಕಳೆಲ್ಲ ಎಡವುವುದು ಅಲ್ಲೇ.
ಆದರೆ ಏಳರ ಬಾಲವನ್ನು ಅಷ್ಟು ತಿರುಚುವವರು
ನಮ್ಮ ಕ್ಲಾಸಿನಲ್ಲಿ ಇನ್ಯಾರೂ ಇರಲಿಲ್ಲ.

'ಒಳ್ಳೆ ಜೊತೆ ಒಂದೇ ಇತ್ತು' ಅಂದ ಡೆಲ್ಮೊ,
'ನಿಮ್ಮ ನೇವಿಯೊನದು. ಕೊಡಬೇಡ ಅಂದಿದ್ದರಂತೆ.
ಕೊಡಲಿಲ್ಲ. ಸರದಿ ಹಾಕಿಕೊಂಡೆವು.
ಡಾನ್ ನದಿಯಿಂದ ಹಿಂದಕ್ಕೆ ನಡೆಯುವಾಗ
ಒಂದು ದಿನ ಅವನು, ಒಂದು ದಿನ ನಾನು.
ಹನ್ನೊಂದು ದಿನ ಸರಿಹೋಯಿತು.
ಹನ್ನೆರಡನೆಯ ದಿನ ನನ್ನದು.'

ಬೂಟು ಬಿಚ್ಚಿ ರೊಟ್ಟಿಯ ಪಕ್ಕ ಇಟ್ಟ.
ಅಪ್ಪ ಅವನ ಮುಖ ನೋಡಲಿಲ್ಲ.
ಒಳಗೆ ಬೆರಳು ತೂರಿಸಿ
ಅಡ್ಡ ಹೊಲಿಗೆ ಸಿಗುವವರೆಗೂ ತಡಕಿದ.
ಆಮೇಲೆ ಏನೇನೋ ಹೇಳಿದ: ಮುದ್ರೆ ಒತ್ತಿದ್ದು ರೋಮಿನವರು,
ನಾನಲ್ಲದಿದ್ದರೆ ಪಕ್ಕದವನು ಮಾಡುತ್ತಿದ್ದ,
ಇದರಿಂದ ಇನ್ನೂರು ಸಂಸಾರ ಉಂಡವು.

ಉಂಡವು ಎಂಬ ಮಾತಿಗೆ ಅವ್ವ ಎದ್ದಳು.
ಬಟ್ಟಲು ಎತ್ತಿ ಅಪ್ಪನ ಮುಂದಿಟ್ಟಳು.
ಚಮಚ ಒರೆಸಿ ಅದರ ಪಕ್ಕ ಇಟ್ಟಳು.
'ಆರುತ್ತೆ' ಅಂದಳು.

ಅವನು ತಿಂದನೋ ಬಿಟ್ಟನೋ
ನಾನು ಅಂಗಳಕ್ಕೆ ಓಡಿದ್ದೆ.
ಸಾಯುವ ತನಕ ಆ ಮನೆಯಲ್ಲಿ
ಮತ್ತೆ ಯಾರೂ ಸೂಪು ಮಾಡಲಿಲ್ಲ, ಅಷ್ಟು ಗೊತ್ತು.

ಈಗ ಆಚೆ ದಡದ ಶಾಲೆಯಲ್ಲಿ ಪಾಠ ಹೇಳುತ್ತೇನೆ.
ಓದಿದ್ದು ಬೂಟಿನ ದುಡ್ಡಿನಲ್ಲೇ, ಬೇರೆ ದುಡ್ಡಿರಲಿಲ್ಲ.
ಕೆಂಪು ಶಾಯಿ ಬಳಸುವುದಿಲ್ಲ.
ಮಗ್ಗಿ ತಪ್ಪಿದವರಿಗೆ, ಪರವಾಗಿಲ್ಲ,
ಎರಡೇ ಕಡಿಮೆ ಎನ್ನುತ್ತೇನೆ, ಎಂದದ್ದೇ
ಎರಡೆಂದರೆ ಒಂದು ಜೊತೆ ಎಂಬುದು ನೆನಪಾಗಿ
ಸ್ವಲ್ಪ ಹೊತ್ತು ಬೋರ್ಡು ಒರೆಸುತ್ತೇನೆ.

ಡೆಲ್ಮೊನ ಹುಡುಗಿ ಮೂರನೇ ಬೆಂಚಿನವಳು.
ಏಳೆಂಟ್ಲಿ ಐವತ್ತಾರು ಎಂದು ಕಾಲು ಕುಣಿಸುತ್ತಾಳೆ.
ಅವಳ ಬೂಟು ತೊಗಲಿನದೇ.
ಬಗ್ಗಿ ನೋಡಿದ್ದೇನೆ.